ಶೆಲ್ಬಿಯ ತಾಯಿಗೆ ಒಂದು ಚಾಪೆ

ಉಪೊಲು ದ್ವೀಪ, ಸಮೋವಾ
12 ಆಗಸ್ಟ್ 1998

ಶೆಲ್ಬಿಯ ತಾಯಿಯವರಿಗೆ,

ನನ್ನ ಹೆಸರು ಮಟಲೇನಾ. ನಿಮ್ಮ ಮಗಳನ್ನು ತಿದ್ದಲೆಂದು ಇಟ್ಟಿರುವ ಶಿಬಿರ ನಮ್ಮ ಹಳ್ಳಿಯ ನೆಲದ ಮೇಲಿದೆ. ನಾನು ಅಲ್ಲಿ ಅಡುಗೆ ಮಾಡುತ್ತೇನೆ. ನಿಮ್ಮ ವಿಳಾಸವನ್ನು ಕಚೇರಿಯ ಕಸದ ಬುಟ್ಟಿಯಲ್ಲಿದ್ದ ಲಕೋಟೆಯಿಂದ ಬರೆದುಕೊಂಡೆ. ಬೇರೆ ದಾರಿ ಇರಲಿಲ್ಲ.

ಈ ಪತ್ರದ ಜೊತೆ ಒಂದು ಚಾಪೆ ಬರುತ್ತಿದೆ. ಕೇದಿಗೆ ಗರಿಯನ್ನು ದಾರದಷ್ಟು ಸಣ್ಣಗೆ ಸೀಳಿ ನನ್ನ ತಾಯಿ ಎರಡು ವರ್ಷ ಕೂತು ಹೆಣೆದದ್ದು. ನಮ್ಮ ಮನೆಯಲ್ಲಿ ಎರಡು ಮದುವೆಯಾದವು, ಮೂರು ಸಾವಾದವು, ಆಗಲೂ ಇದನ್ನು ಹೊರಗೆ ತೆಗೆದಿರಲಿಲ್ಲ.

ಜುಲೈ ಹತ್ತೊಂಬತ್ತರಂದು ನಮ್ಮ ಮನೆಯಿಂದ ನಿಮ್ಮ ಮನೆಗೆ ಏನಾಯಿತೆಂದು ಶಿಬಿರದವರು ನಿಮಗೆ ಬರೆದಿರುತ್ತಾರೆ. ಅದನ್ನು ನಾನು ಮತ್ತೆ ಹೇಳಬಾರದು. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರು ಮಾತಾಡುವುದಿಲ್ಲ. ನಾವು ನಿಮ್ಮ ಅಂಗಳಕ್ಕೆ ಬಂದು ಕೂರಬೇಕಿತ್ತು, ಆದರೆ ನಡುವೆ ಇಷ್ಟು ದೊಡ್ಡ ಸಮುದ್ರವಿದೆ. ಅದಕ್ಕೆ ಚಾಪೆ ಬರುತ್ತಿದೆ. ನಿಮ್ಮ ಮನಸ್ಸು ಒಪ್ಪಿದರೆ ಎತ್ತಿಕೊಳ್ಳಿ. ಒಪ್ಪದಿದ್ದರೆ ಅದೂ ನಿಮ್ಮ ಹಕ್ಕು.

ಮಟಲೇನಾ


ಐಡಾಹೊ, ಅಮೆರಿಕ
9 ಸೆಪ್ಟೆಂಬರ್ 1998

ಪ್ರೀತಿಯ ಮಟಲೇನಾ,

ಅಬ್ಬಾ, ಎಂಥ ಚಾಪೆ! ಪೊಟ್ಟಣ ಬಿಚ್ಚಿ ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತುಬಿಟ್ಟೆ. ಮುಖ ಪರಿಚಯವೂ ಇಲ್ಲದ ನನಗೆ ನಿಮ್ಮ ತಾಯಿ ಕೈಯಾರೆ ಹೆಣೆದದ್ದನ್ನು ಕೊಡುವುದೆಂದರೆ! ಎತ್ತಿಕೊಳ್ಳಿ ಎಂದು ಬೇರೆ ಬರೆದಿದ್ದೀರಿ. ಯಾರಾದರೂ ಬೇಡ ಎನ್ನುತ್ತಾರೆಯೇ? ಸೋಫಾದ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ. ಬಂದವರೆಲ್ಲ ಕೆಂಪು ಪುಕ್ಕದ ಅಂಚನ್ನು ಮುಟ್ಟಿ ನೋಡುತ್ತಾರೆ.

ಜುಲೈನಲ್ಲಿ ಶೆಲ್ಬಿ ಒಂದು ಹೆಜ್ಜೆ ಹಿಂದೆ ಹೋದಳೆಂದು ಶಿಬಿರದ ನಿರ್ದೇಶಕರು ಬರೆದಿದ್ದರು. ಅದರಿಂದ ನಿಮ್ಮ ಮನೆಗೂ ತೊಂದರೆಯಾಯಿತೇನೋ, ಪಾಪ. ನೀವೇ ಅದಕ್ಕೆ ಉಡುಗೊರೆ ಕಳಿಸುವುದು ಎಂದರೆ ನನಗೆ ನಾಚಿಕೆಯಾಗುತ್ತದೆ.

ಅವಳೂ ಒಂದು ಪತ್ರ ಬರೆದಿದ್ದಳು, ಆಗಸ್ಟಿನ ಕೊನೆಗೆ ಬಂತು. ಕಿವಿ ನೋವು, ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದಾರೆ, ಅಮ್ಮಾ ಬಾ ಎಂದೆಲ್ಲ. ಮೊದಲಾಗಿದ್ದರೆ ನಾನು ಓಡಿ ಬರುತ್ತಿದ್ದೆ. ಈಗ ಶಿಬಿರದವರು ಕೊಟ್ಟ ಪೋಷಕರ ಕೈಪಿಡಿ ಓದಿದ್ದೇನೆ. ಮೂರನೆಯ ಅಧ್ಯಾಯದಲ್ಲಿ ಇದೆಲ್ಲ ಮೊದಲೇ ಇದೆ: ಮಕ್ಕಳು ಕಾಯಿಲೆಯ ಕಥೆ ಕಟ್ಟುತ್ತಾರೆ, ತಾಯಿ ಕರಗಿದರೆ ಕೆಲಸ ಕೆಟ್ಟಿತು. ಅದರಲ್ಲಿ ಹೇಳಿದಂತೆ ಒಂದೇ ಸಾಲು ಬರೆದೆ: ‘ಶಿಬಿರದ ಮೇಲೆ ನನಗೆ ನಂಬಿಕೆ ಇದೆ.’ ಅವಳ ಪತ್ರವನ್ನೂ ನಿರ್ದೇಶಕರಿಗೆ ವಾಪಸು ಕಳಿಸಿದೆ, ಅದೂ ಕೈಪಿಡಿಯ ನಿಯಮವೇ. ಅವಳು ಖುಷಿಯಿಂದಲೇ ವಿಮಾನ ಹತ್ತಿದ್ದಳು, ಗೊತ್ತೇ? ಮೊದಲ ತಿಂಗಳುಗಳು ಎಲ್ಲರಿಗೂ ಕಷ್ಟವಂತೆ.

ಕಳೆದ ಶನಿವಾರ ಪೋಷಕರ ಸಭೆಗೆ ನಿಮ್ಮ ಚಾಪೆಯನ್ನು ಒಯ್ದಿದ್ದೆ. ನಮ್ಮ ಚರ್ಚಿನ ಕಾನಿ ತನ್ನ ಮಗಳು ಎರಿನ್‌ಳನ್ನು ಕಳಿಸುವುದೋ ಬೇಡವೋ ಎಂದು ಬೇಸಿಗೆಯಿಂದ ಒದ್ದಾಡುತ್ತಿದ್ದಳು. ಚಾಪೆಯನ್ನು ತೊಡೆಯ ಮೇಲೆ ಹಾಕಿಕೊಂಡು, “ಇಂಥ ಜನ ಇರೋ ಕಡೆ ನನ್ ಮಗೂನೂ ಸರಿಹೋಗ್ತಾಳೆ ಬಿಡು ಜಾನೆಲ್” ಎಂದಳು.

ನಿರ್ದೇಶಕರಿಗೂ ನಿಮ್ಮನ್ನು ಹೊಗಳಿ ಬರೆದಿದ್ದೇನೆ. ಅವರು ನಿಮಗೆ ಬಡ್ತಿ ಕೊಟ್ಟರೆ ನನಗೆ ಒಂದು ಅಡುಗೆಯ ವಿಧಾನ ಬರೆದು ಕಳಿಸಬೇಕು.

ಜಾನೆಲ್


ಉಪೊಲು
2 ಅಕ್ಟೋಬರ್ 1998

ಶೆಲ್ಬಿಯ ತಾಯಿಯವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ನಗು ಬಂತು, ಅದು ಒಳ್ಳೆಯ ನಗುವಲ್ಲ. ಮೂರನೆಯ ಸಲ ನಿಮಗೆ ಯಾರೂ ಏನೂ ಹೇಳಿಲ್ಲವೆಂದು ಅರ್ಥವಾಯಿತು.

ಅದು ಉಡುಗೊರೆಯಲ್ಲ. ನಮ್ಮಲ್ಲಿ ಒಂದು ಮನೆಯವರು ಇನ್ನೊಂದು ಮನೆಗೆ ದೊಡ್ಡ ತಪ್ಪು ಮಾಡಿದರೆ ಆ ಮನೆಯ ಅಂಗಳಕ್ಕೆ ಹೋಗಿ, ತಲೆಯ ಮೇಲೆ ಇಂಥ ಚಾಪೆ ಹೊದ್ದು ಕೂರುತ್ತಾರೆ. ಬಿಸಿಲಿಗೂ ಏಳುವುದಿಲ್ಲ, ಮಳೆಗೂ ಏಳುವುದಿಲ್ಲ. ಒಳಗಿನವರು ಬೇಕಾದರೆ ಕಲ್ಲು ಹೊಡೆಯಬಹುದು. ಕ್ಷಮಿಸುವುದಾದರೆ ಬಂದು ಚಾಪೆ ಎತ್ತುತ್ತಾರೆ. ತಪ್ಪೇನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟರಲ್ಲಿ ಊರಿಗೆಲ್ಲ ಗೊತ್ತಿರುತ್ತದೆ. ನಿಮಗೂ ಗೊತ್ತಿದೆ ಎಂದುಕೊಂಡದ್ದು ನನ್ನ ದಡ್ಡತನ. ಈಗ ಬಾಯಿಬಿಡುತ್ತೇನೆ.

ಜುಲೈ ಹತ್ತೊಂಬತ್ತರ ಮಧ್ಯಾಹ್ನ ನಿಮ್ಮ ಮಗಳು ಶಿಬಿರದಿಂದ ತಪ್ಪಿಸಿಕೊಂಡು, ಕೆಸುವಿನ ಹೊಲ ದಾಟಿ ನಮ್ಮ ಮನೆಗೆ ಬಂದಳು. ಬರಿಗಾಲು, ಕಾಲಿನ ತುಂಬ ರಕ್ತ.

“ಆಂಟಿ, ಒಂದೇ ಒಂದ್ ಫೋನ್ ಮಾಡ್ಬೇಕು. ನಮ್ಮಮ್ಮಂಗೆ” ಎಂದಳು.

“ಮೊದ್ಲು ಕೂತ್ಕೊ ಮಗಳೇ. ಕಾಲು ತೋರ್ಸು” ಎಂದೆ.

ಕಾಲು ತೊಳೆದೆ. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಗೆಡ್ಡೆಯನ್ನೂ ಮೀನನ್ನೂ ಬಡಿಸಿದೆ. ಮೂರು ದಿನದಿಂದ ಏನೂ ಕಾಣದವಳಂತೆ ಉಂಡು ಅಲ್ಲೇ ಒರಗಿದಳು. ನಮ್ಮ ಮನೆಗೆ ಗೋಡೆಯಿಲ್ಲ, ಕಂಬಗಳಷ್ಟೇ. ಒಳಗೆ ಕೂರಿಸಿ ಉಣ್ಣಿಸಿದ ಮೇಲೆ ಅವರು ನಮ್ಮ ಮಕ್ಕಳಿದ್ದಂತೆ, ಅದರಲ್ಲಿ ಎರಡು ಮಾತಿಲ್ಲ.

ಅಣ್ಣ ಸೇಫೊ ನನ್ನನ್ನು ಆಚೆಗೆ ಕರೆದ. “ಓಡಿಬಂದೋರನ್ನ ಹಿಡಿದುಕೊಟ್ರೆ ಒಂದು ಪೆಟ್ಟಿಗೆ ಡಬ್ಬಿಮಾಂಸ ಕೊಡ್ತಾರೆ. ಇಟ್ಕೊಂಡ್ರೆ ನಿನ್ನ ಕೆಲಸ ಹೋಗತ್ತೆ. ಯೋಚ್ನೆ ಮಾಡು” ಎಂದ. ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. “ಹೋಗಿ ಹೇಳಿ ಬಾ” ಎಂದೆ. ಅಣ್ಣ ಸೈಕಲ್ ಹತ್ತಿದ. ಹೇಳಿದವಳು ನಾನು.

ಅವಳ ಕೈ ಕಟ್ಟಿ ಒಯ್ದರು. ಹಲಗೆ ಬಡಿದ ಒಂದು ಗೂಡಿನಲ್ಲಿ ಹಾಕಿದರು, ಅದರಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಇಪ್ಪತ್ತಮೂರು ದಿನ ಅಲ್ಲಿದ್ದಳು. ಎಡಗಿವಿಯಿಂದ ಕೀವು ಸುರಿಯುತ್ತಿತ್ತು. ಊಟದ ತಟ್ಟೆಯ ಜೊತೆ ಬಿಸಿನೀರನ್ನೂ ಬಟ್ಟೆಯನ್ನೂ ಕದ್ದು ತೂರಿಸುತ್ತಿದ್ದೆ. ಅವಳು ತೆಗೆದುಕೊಳ್ಳುತ್ತಿದ್ದಳು, ಮುಖ ಮಾತ್ರ ಆ ಕಡೆ ತಿರುಗಿಸುತ್ತಿದ್ದಳು. ಭಾನುವಾರ ಚರ್ಚಿನಿಂದ ಬಂದು ನಮ್ಮ ಮನೆಯವರೆಲ್ಲ ಆ ಡಬ್ಬಿಮಾಂಸ ತಿಂದರು. ನಾನೂ ತಿಂದೆ.

ಚಾಪೆ ಕಳಿಸೋಣ ಎಂದಾಗ ಅಣ್ಣ, “ಅಮೆರಿಕಕ್ಕೆ ಹೋಗಿ ಕೂರ್ತೀಯಾ? ದೋಣಿ ನಾನೇ ಕೊಡಿಸ್ತೀನಿ, ಹೋಗು” ಎಂದು ಗೇಲಿ ಮಾಡಿದ. ಅವನಿಗೆ ತಿಳಿಸದೆ ಕಳಿಸಿದೆ.

ನೀವು ಹೊಗಳಿ ಬರೆದ ಪತ್ರ ನಿರ್ದೇಶಕರಿಗೆ ತಲುಪಿತು. ನಾನು ನಿಮಗೆ ಬರೆದದ್ದು ತಿಳಿದು ಅಂದೇ ನನ್ನನ್ನು ಕೆಲಸದಿಂದ ತೆಗೆದರು. ಶೆಲ್ಬಿ ನಿಮಗೆ ದೂರು ಬರೆದಳೆಂದು ಅವಳನ್ನು ಮತ್ತೆ ಗೂಡಿಗೆ ಹಾಕಿದ್ದಾರೆ. ಈಗ ಬಿಸಿನೀರು ಕೊಡುವವರಿಲ್ಲ. ಚಾಪೆಯ ಮಾತು ಆಮೇಲಿರಲಿ. ಬಂದು ಮಗಳನ್ನು ಕರೆದುಕೊಂಡು ಹೋಗಿ.

ಮಟಲೇನಾ


ಐಡಾಹೊ
24 ಅಕ್ಟೋಬರ್ 1998

ಶ್ರೀಮತಿ ಮಟಲೇನಾ ಅವರಿಗೆ,

ನಿಮ್ಮ ಪತ್ರದ ಬಗ್ಗೆ ನಿರ್ದೇಶಕರ ಜೊತೆ ಫೋನಿನಲ್ಲಿ ಮಾತಾಡಿದೆ. ಅಡುಗೆಮನೆಯಿಂದ ಸಕ್ಕರೆ ಕದ್ದದ್ದಕ್ಕೆ ನಿಮ್ಮನ್ನು ತೆಗೆದದ್ದೆಂದು ತಿಳಿಯಿತು. ಕೆಲಸ ಕಳೆದುಕೊಂಡವರು ಹೀಗೆ ಬರೆಯುವುದುಂಟು ಎಂದು ಕೈಪಿಡಿಯಲ್ಲೂ ಇದೆ. ಶೆಲ್ಬಿ ಆರೋಗ್ಯವಾಗಿದ್ದಾಳೆಂದು ಅವರು ಭರವಸೆ ಕೊಟ್ಟಿದ್ದಾರೆ.

ಚಾಪೆಯನ್ನು ವಾಪಸು ಕಳಿಸುತ್ತಿದ್ದೇನೆ. ಇನ್ನು ಬರೆಯಬೇಡಿ. ನಿಮ್ಮ ಪತ್ರ ಬಂದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಅದೂ ನಿಮಗೆ ಗೊತ್ತಿರಲಿ.

ಜಾನೆಲ್ ಪ್ರುವೆಟ್


ಉಪೊಲು
16 ನವೆಂಬರ್ 1998

ಶೆಲ್ಬಿಯ ತಾಯಿಯವರಿಗೆ,

ಚಾಪೆ ಬಂತು. ಏನೋ ಸಾಮಾನು ಬಂದಿದೆ ಎಂದು ಅಣ್ಣನೇ ಹಿಗ್ಗಿನಿಂದ ಬಿಚ್ಚಿದ. ಚಾಪೆ ಎಂದು ಕಂಡೊಡನೆ ಕೈ ಹಿಂದೆಗೆದ. “ಇದನ್ನ ಕಳ್ಸಿದ್ದು ಯಾವಾಗ? ವಾಪಸ್ ಮಾಡಿದಾರಲ್ಲೇ” ಎಂದ. ಗೇಲಿ ಮಾಡುವವನ ಬಾಯಿ ಅವತ್ತಿನಿಂದ ಕಟ್ಟಿಹೋಗಿದೆ. ಹಿಂದಿರುಗಿದ ಚಾಪೆಯನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂದು ನಮಗ್ಯಾರಿಗೂ ಗೊತ್ತಿಲ್ಲ. ಹಾಗೆ ಆದದ್ದನ್ನು ನಾವು ನೋಡಿಲ್ಲ.

ನಾನು ಕಳ್ಳಿ ಎಂದಿರಿ. ಸಕ್ಕರೆ ಕದ್ದದ್ದು ನಿಜ, ಶೆಲ್ಬಿಯ ನೀರಿಗೆ ಹಾಕಲು. ನನ್ನನ್ನು ನಂಬಬೇಡಿ. ಅವಳು ಅವತ್ತು ಕಾಲು ತೊಳೆಸಿಕೊಳ್ಳುತ್ತಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ನಮ್ಮಮ್ಮಂಗೆ ಸುಳ್ಳು ಹೇಳೋಕೆ ಬರಲ್ಲ ಆಂಟಿ. ಹವಾಯಿಗೆ ಹೋಗ್ತಿದೀವಿ, ಚಿಕ್ಕಮ್ಮನೂ ಬರ್ತಾಳೆ ಅಂದ್ಲು. ಈಜೋ ಬಟ್ಟೆ ತಾನೇ ಮಡಚಿಟ್ಲು. ಹಳದಿ ಬೇಡ, ಹಸಿರು ನಿಂಗೆ ಒಪ್ಪತ್ತೆ ಅಂದ್ಲು. ಏರ್‌ಪೋರ್ಟಲ್ಲಿ ಇಬ್ರು ಹೆಂಗಸ್ರು ಬಂದು ತೋಳು ಹಿಡ್ಕೊಂಡ್ರು. ಅಮ್ಮ ನನ್ನ ಕಡೆ ನೋಡ್ಲೇ ಇಲ್ಲ. ಕಾಫಿ ತರ್ತೀನಿ ಅಂತ ಹೋದ್ಲು. ವಾಪಸ್ ಬರ್ಲಿಲ್ಲ.”

ಇದನ್ನು ಹೇಳಿ ನಕ್ಕಳು. ಆಮೇಲೂ ಅವಳಿಗೆ ಫೋನ್ ಮಾಡಬೇಕಾಗಿದ್ದದ್ದು ನಿಮಗೇ.

ಇದು ಶಿಬಿರದ ಯಾವ ಕಾಗದದಲ್ಲೂ ಇರಲಾರದು. ನಾನು ಕಟ್ಟಿದ್ದೋ ಅಲ್ಲವೋ ನಿಮಗೆ ಗೊತ್ತಿರುತ್ತದೆ.

ಮಟಲೇನಾ


ಐಡಾಹೊ
11 ಜನವರಿ 1999

ಮಟಲೇನಾ,

ಕಾಫಿಯ ವಿಷಯ ನನ್ನ ತಂಗಿಗೂ ಗೊತ್ತಿರಲಿಲ್ಲ. ಯಾರು ಕೇಳಿದರೂ ಶೆಲ್ಬಿ ಖುಷಿಯಿಂದ ವಿಮಾನ ಹತ್ತಿದಳು ಎನ್ನುತ್ತಿದ್ದೆ. ಹೇಳಿ ಹೇಳಿ ನನಗೂ ಹಾಗೇ ನೆನಪಾಗತೊಡಗಿತ್ತು. ನಿಮ್ಮ ಪತ್ರ ಓದಿ ಮುಗಿಸುವ ಮೊದಲೇ ಟಿಕೆಟ್ಟಿಗೆ ಫೋನ್ ಮಾಡಿದೆ.

ಡಿಸೆಂಬರಿನಲ್ಲಿ ಶಿಬಿರಕ್ಕೆ ಬಂದಿಳಿದಾಗ ನಿರ್ದೇಶಕರು ನನಗೆ ತಣ್ಣನೆಯ ಹಣ್ಣಿನ ರಸ ಕೊಟ್ಟು, “ಇವತ್ತು ಕರ್ಕೊಂಡು ಹೋದ್ರೆ ಆರು ತಿಂಗಳಲ್ಲಿ ಇವಳು ಬೀದಿಪಾಲು. ಆಗ ನಮ್ಮನ್ನ ಕೇಳ್ಬೇಡಿ” ಎಂದರು. ನಿಜ ಹೇಳುತ್ತೇನೆ, ಆಗಲೂ ನಾನು ಒಂದು ಕ್ಷಣ ತಡವರಿಸಿದೆ. ಅಷ್ಟರಲ್ಲಿ ಅವಳನ್ನು ಕರೆತಂದರು. ಗೋಡೆಯ ಪಕ್ಕ ನೆಲದ ಮೇಲೆ ಕೂತಳು. ನಾನು ಬಾ ಎಂದೆ. ಅವಳು ನನ್ನ ಮುಖ ನೋಡದೆ, “ಎದ್ದು ನಿಲ್ಲಬಹುದಾ?” ಎಂದು ಕೇಳಿದಳು. ಹೆತ್ತ ತಾಯಿಯನ್ನು. ತೂಕ ಅರ್ಧವಾಗಿತ್ತು, ಕಿವಿಯಿಂದ ನಾತ ಬರುತ್ತಿತ್ತು. ಎಡಗಡೆಯಿಂದ ಮಾತಾಡಿಸಿದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ಹಟ ಮಾಡುತ್ತಿದ್ದಾಳೆ ಎಂದುಕೊಂಡು ದನಿ ಏರಿಸಿದೆ.

ಗೇಟು ದಾಟಿದೊಡನೆ ರಸ್ತೆಯ ಬದಿಯಲ್ಲಿ ನಿಮ್ಮಿಬ್ಬರನ್ನೂ ನೋಡಿದೆ, ನೀವು ಮತ್ತು ನಿಮ್ಮ ಅಣ್ಣ, ಸುಡುವ ಮಧ್ಯಾಹ್ನದಲ್ಲಿ ತಲೆಯ ಮೇಲೆ ಆ ಚಾಪೆ ಹೊದ್ದು ಕೂತದ್ದು. ನನಗೆ ತಕ್ಷಣ ತಿಳಿಯಿತು. ಡ್ರೈವರಿಗೆ ಹೋಗು ಎಂದೆ. ಶೆಲ್ಬಿ ನಿಲ್ಲಿಸು ಎಂದಳು.

ಅವಳು ನಿಮ್ಮ ಮುಂದೆ ನಿಂತು ಏನು ಹೇಳಿದಳೆಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ಏಕೆಂದರೆ ನನಗೆ ಮಲಗಿದಾಗಲೂ ಅದೇ ಕೇಳಿಸುತ್ತದೆ. “ಆವತ್ತು ನಾನು ನಿದ್ದೆ ಮಾಡಿರ್ಲಿಲ್ಲ ಆಂಟಿ. ನೀವು ಹೋಗಿ ಹೇಳಿ ಬಾ ಅಂದಿದ್ದು ಕೇಳಿಸ್ತು. ಇನ್ನೆಲ್ಲಿಗೆ ಓಡೋದು ಅಂತ ಹೊಳೀಲಿಲ್ಲ, ಸುಮ್ನೆ ಮಲಗಿದ್ದೆ.” ಆಮೇಲೆ ಚಾಪೆಯನ್ನು ನಿಮ್ಮಿಬ್ಬರ ತಲೆಯಿಂದ ಎತ್ತಿ, ಮಡಚಿ ನಿಮ್ಮ ತೊಡೆಯ ಮೇಲಿಟ್ಟು ಬಂದಳು. ನೀವು ಅತ್ತಿರಿ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಕಾರಿನಿಂದ ಇಳಿಯಲಿಲ್ಲ. ಇಳಿದಿದ್ದರೆ ನಿಮ್ಮ ಪಕ್ಕದಲ್ಲಿ ಕೂರಬೇಕಾಗುತ್ತಿತ್ತು.

ಕಿವಿಯ ಹಿಂದಿನ ಮೂಳೆಗೂ ಸೋಂಕು ಹತ್ತಿತ್ತು, ಶಸ್ತ್ರಚಿಕಿತ್ಸೆಯಾಯಿತು. ಎಡಗಿವಿ ಇನ್ನು ಕೇಳಿಸುವುದಿಲ್ಲ. ಆಗಸ್ಟಿನಲ್ಲೇ ಔಷಧ ಬಿದ್ದಿದ್ದರೆ ಹತ್ತು ದಿನದ ಮಾತಾಗಿತ್ತು ಎಂದರು ಡಾಕ್ಟರು. ಶೆಲ್ಬಿ ನನ್ನ ತಂಗಿಯ ಮನೆಯಲ್ಲಿದ್ದಾಳೆ. ನಾನು ಹೋದರೆ ಕೋಣೆಯಿಂದ ಆಚೆ ಬರುವುದಿಲ್ಲ.

ಇಲ್ಲಿ ಚರ್ಚಿನವರಿಗೆಲ್ಲ ಶೆಲ್ಬಿ ಶಿಬಿರವನ್ನು ಬೇಗ ಮುಗಿಸಿ ಬಂದಳು ಎಂದಿದ್ದೇನೆ. ಇನ್ನೇನು ಹೇಳಲಿ, ನೀವೇ ಹೇಳಿ.

ಜಾನೆಲ್


ಉಪೊಲು
8 ಫೆಬ್ರವರಿ 1999

ಜಾನೆಲ್ ಅವರಿಗೆ,

ನೀವು ಇಳಿಯಲಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಚಾಪೆಯ ಕೆಳಗಿನಿಂದ ಕಾಲುಗಳಷ್ಟೇ ಕಾಣುತ್ತವೆ, ಅವತ್ತು ಎರಡೇ ಕಾಲು ಬಂದವು. ಅದಕ್ಕಾಗಿ ನಿಮ್ಮನ್ನು ಜರೆಯಲಾರೆ. ನಾನು ಅಲ್ಲಿ ಕೂರಲು ಐದು ತಿಂಗಳು ತೆಗೆದುಕೊಂಡೆ.

ಬರೆಯಬೇಕಾದದ್ದು ಬೇರೆ ಇದೆ. ಜನವರಿ ಇಪ್ಪತ್ತಾರರಂದು ಶಿಬಿರದ ವ್ಯಾನಿನಲ್ಲಿ ಹೊಸ ಹುಡುಗಿ ಬಂದಳು. ನನ್ನ ಚಿಕ್ಕಪ್ಪನ ಮಗಳು ಲುಸೆ ಅಲ್ಲಿ ಬಟ್ಟೆ ಒಗೆಯುತ್ತಾಳೆ, ಡಿಸೆಂಬರಿನಲ್ಲಿ ನೀವು ಬಂದ ಸುದ್ದಿ ತಂದವಳೂ ಅವಳೇ. ಹುಡುಗಿಯ ಬಟ್ಟೆ ಬಿಚ್ಚಿಸಿ ಶಿಬಿರದ ಬಟ್ಟೆ ಕೊಡುವಾಗ ಆ ಮಗು ಲುಸೆಗೆ ಹೇಳಿತಂತೆ, “ಇಲ್ಲಿ ಜನ ತುಂಬ ಒಳ್ಳೇವ್ರಂತೆ. ಯಾರ್ದೋ ಮನೆಗೆ ಚಾಪೆ ಕಳ್ಸಿದ್ರಂತೆ, ನಮ್ಮಮ್ಮ ನೋಡಿದಾಳೆ.” ಹೆಸರು ಎರಿನ್. ಹದಿನೈದು ವರ್ಷ. ಈಗ ಹೊಟ್ಟೆನೋವೆಂದು ಬಾಗಿಕೊಂಡೇ ನಡೆಯುತ್ತಾಳಂತೆ.

ನನ್ನ ತಾಯಿಯ ಚಾಪೆ ಈ ಮಗುವನ್ನು ಇಲ್ಲಿಗೆ ತಂದಿತು. ಆದರೆ ನೀವು ಶೆಲ್ಬಿಯನ್ನು ಕರೆದೊಯ್ದದ್ದು ಡಿಸೆಂಬರಿನಲ್ಲಿ. ಕಾನಿ ತನ್ನ ಮಗಳನ್ನು ಕಳಿಸಿದ್ದು ಜನವರಿಯಲ್ಲಿ. ನಡುವೆ ಆರು ವಾರ ನೀವಿಬ್ಬರೂ ಒಂದೇ ಚರ್ಚಿಗೆ ಹೋಗಿದ್ದೀರಿ.

ಪೊಲೀಸರ ಹತ್ತಿರ ಅಣ್ಣ ಹೋಗಿದ್ದ. ಹೆತ್ತವರೇ ಸಹಿ ಹಾಕಿ ಕಳಿಸಿದ ಮಕ್ಕಳು, ನಾವೇನು ಮಾಡೋಣ ಎಂದರಂತೆ. ನನ್ನ ಮಾತನ್ನು ಕಾನಿ ನಂಬುವುದಿಲ್ಲ, ನೀವೂ ನಂಬಿರಲಿಲ್ಲ. ಅವರ ಮನೆ ಇರುವುದು ನಿಮ್ಮ ಊರಿನಲ್ಲಿ. ನಿಮಗೆ ಸಮುದ್ರ ಅಡ್ಡ ಇಲ್ಲ.

ಮಟಲೇನಾ


ಐಡಾಹೊ
2 ಮಾರ್ಚ್ 1999

ಮಟಲೇನಾ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ಮೊದಲ ನಾಲ್ಕು ದಿನ ನಾನು ಹೋಗಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಮಂಜು, ಹೀಗೆ ಏನಾದರೊಂದು ನೆಪ ಸಿಗುತ್ತಿತ್ತು. ನಿನ್ನೆ ಹೋದೆ.

ಕಾನಿ ಬಾಗಿಲು ತೆರೆದಳು. ನಿಂತ ನಿಲುವಿನಲ್ಲೇ ಶೆಲ್ಬಿಗೆ ಆದದ್ದನ್ನೂ ಎರಿನ್‌ಗೆ ಆಗುತ್ತಿರುವುದನ್ನೂ ಹೇಳಿದೆ.

“ಶೆಲ್ಬಿ ಬೇಗ ಮುಗ್ಸಿದ್ಲು ಅಂತ ನೀನೇ ಹೇಳಿದ್ಯಲ್ಲ” ಎಂದಳು.

“ಸುಳ್ಳು ಹೇಳ್ದೆ ಕಾನಿ. ನಾಚ್ಕೆ ಆಯ್ತು, ಅದಕ್ಕೆ.”

“ಆಗ ಸುಳ್ಳು ಹೇಳ್ದೋಳು ಈಗ ನಿಜ ಹೇಳ್ತಿದೀಯ ಅಂತ ನಾನು ಹೇಗೆ ನಂಬ್ಲಿ? ನನಗೆ ಶಿಬಿರದ ಮೇಲೆ ನಂಬಿಕೆ ಇದೆ.”

ಅದು ನಾನು ಶೆಲ್ಬಿಗೆ ಬರೆದ ಸಾಲೇ. ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತೆ. ನಿಮ್ಮನ್ನು ಅನುಕರಿಸಲು ಕೂತೆ ಎಂದುಕೊಳ್ಳಬೇಡಿ. ಎದ್ದರೆ ಮನೆಗೆ ಹೋಗಿಬಿಡುತ್ತೇನೆಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ಮಂಜು ಕರಗಿ ಮೆಟ್ಟಿಲು ಒದ್ದೆಯಾಗಿತ್ತು. ಚರ್ಚಿನವರ ಎರಡು ಕಾರುಗಳು ಬಂದವು, ನನ್ನನ್ನು ನೋಡಿ ನಿಧಾನವಾಗಿ ಮುಂದೆ ಹೋದವು. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಮುಖ ಮುಚ್ಚಿಕೊಳ್ಳಬೇಕೆನಿಸಿತು, ಆದರೆ ನನ್ನ ಹತ್ತಿರ ಹೊದೆಯಲು ಏನೂ ಇರಲಿಲ್ಲ.

ಕಾನಿಯ ಗಂಡ ಗ್ಯಾರೇಜಿನ ಕಡೆಯಿಂದ ಬಂದ. “ಜಾನೆಲ್, ಮರ್ಯಾದೆಯಾಗಿ ಎದ್ದು ಹೋಗು. ಪೊಲೀಸರನ್ನ ಕರೀಬೇಕಾಗತ್ತೆ.”

“ಕರೀರಿ. ಅವರಿಗೂ ಇದನ್ನೇ ಹೇಳ್ತೀನಿ” ಎಂದೆ. ಅವನು ಒಳಗೆ ಹೋದ. ಯಾರೂ ಬರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲು ಒಳಗಿನ ಸರಪಳಿ ಬಿಡುವಷ್ಟು ತೆರೆಯಿತು. ಕಾನಿಯ ಕೈಯಲ್ಲಿ ಕೈಪಿಡಿ ಇತ್ತು. ಮೂರನೆಯ ಅಧ್ಯಾಯವೇ ಇರಬೇಕು, ಪುಟದ ನಡುವೆ ಬೆರಳಿಟ್ಟುಕೊಂಡಿದ್ದಳು.

“ಎರಿನ್ ಪತ್ರ ಬಂದಿತ್ತು ಹೋದ ವಾರ. ಹೊಟ್ಟೆನೋವು ಅಂತ ಬರ್ದಿದ್ಲು. ನಾನು ಇದ್ರಲ್ಲಿರೋ ಹಾಗೆ ಉತ್ರ ಬರ್ದೆ” ಎಂದಳು.

ಕೈಪಿಡಿ ಮುಚ್ಚಿ ಅವಳೇ ಕೇಳಿದಳು:

“ಶೆಲ್ಬಿ ಕಿವಿ ವಿಷ್ಯ ನಿಂಗೆ ಮೊದ್ಲು ಗೊತ್ತಾಗಿದ್ದು ಯಾವಾಗ?”

ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದೊಂದೇ ಉಳಿದಿತ್ತು. ಪತ್ರಗಳಲ್ಲಿ ನಿಮಗೆ ಬರೆದಿದ್ದೇನೆ, ಬಾಯಿಂದ ಯಾರ ಎದುರಿಗೂ ಹೇಳಿರಲಿಲ್ಲ.

“ಆಗಸ್ಟಲ್ಲಿ ಅವಳೇ ಬರ್ದಿದ್ಲು” ಎಂದೆ. “ನಾನು ಹೋಗಿದ್ದು ಡಿಸೆಂಬರಲ್ಲಿ.”

ಕಾನಿ ಸರಪಳಿ ತೆಗೆದಳು.

ಜಾನೆಲ್